ಗಿಡ್ಡಪ್ಪಗಳಿಗೆ ಕಣ್ಣು ಬರೆದವಳು

ಚನ್ನಪಟ್ಟಣ
ಭಾನುವಾರ, ೪ ನವೆಂಬರ್ ೨೦೦೭

ಪ್ರೀತಿಯ ಧನು,

ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ಓದಿ, ಮಡಿಚಿ, ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ದಿನಾ ಅಕ್ಕಿ ತೆಗೆಯುವಾಗ ಅದರ ಮೂಲೆ ಕಾಣಿಸಿ, ನೀನೇ ಅಲ್ಲಿ ಕೂತು ನನ್ನನ್ನು ನೋಡುತ್ತಿರುವ ಹಾಗೆ ಆಗುತ್ತಿತ್ತು. ತಡ ಮಾಡಿದ್ದಕ್ಕೆ ಬೈಯಬೇಡ ಕಣೇ. ಸೀಮಂತಕ್ಕೂ ಬರಲಾಗಲಿಲ್ಲ. ಸಿರಿಗೆ ಜ್ವರ ಎಂದು ಹೇಳಿಕಳಿಸಿದ್ದೆವಲ್ಲ. ಆಮೇಲಾದರೂ ಒಂದು ಫೋನ್ ಮಾಡಬಾರದಿತ್ತಾ ಎಂದು ಕೇಳಿದ್ದೀಯ. ನಮ್ಮ ಮನೆಯ ಫೋನು ನಡುಮನೆಯಲ್ಲಿ ಟಿ.ವಿ. ಮಗ್ಗುಲಿಗಿದೆ. ಅದನ್ನು ಕಿವಿಗಿಟ್ಟರೆ "ಹೂಂ, ಚೆನ್ನಾಗಿದ್ದೀನಿ, ನೀನು?" ಎನ್ನುವುದು ಬಿಟ್ಟು ಬೇರೆ ಮಾತೇ ಬಾಯಿಗೆ ಬರುವುದಿಲ್ಲ.

ನಾವೆಲ್ಲ ಇದ್ದೇವೆ. ಇವರಿಗೆ ಬಿಡದಿ ಕಾರ್ಖಾನೆಯಲ್ಲಿ ಈ ವಾರ ಬೆಳಗಿನ ಶಿಫ್ಟು. (ಕೆಂಪರಾಜು ಎಂದು ಹೆಸರು ಹಿಡಿದು ಕೂಗಿದರೆ ಅತ್ತೆ ಈಗಲೂ ಹುಬ್ಬು ಹಾರಿಸುತ್ತಾರೆ, ಅದಕ್ಕೇ ಕಾಗದದಲ್ಲೂ ಅಭ್ಯಾಸ ತಪ್ಪಿದೆ.) ಅತ್ತೆಗೆ ಮಂಡಿನೋವು ಬಿಟ್ಟರೆ ಉಳಿದಂತೆ ಗಟ್ಟಿ. ರಾಮನಗರ ಜಿಲ್ಲೆಯಾದ ಮೇಲೆ ನಮ್ಮೂರ ರಸ್ತೆಗೆ ಡಾಂಬರು ಬೀಳುತ್ತದೆ ಎಂದು ಎಲ್ಲರೂ ಕಾಯುತ್ತಿದ್ದಾರೆ. ಸದ್ಯಕ್ಕೆ ಬಂದಿರುವುದು ಊರ ಹಿಂದಿನ ಬೋಳುಬೆಟ್ಟಕ್ಕೆ ಇನ್ನೊಂದು ಜಲ್ಲಿ ಕ್ರಷರು, ಅದರ ಲಾರಿಗಳು. ಬಟ್ಟೆ ಒಣಗಲು ಹಾಕಿದರೆ ಬೂದಿ ಬಣ್ಣವಾಗಿ ವಾಪಸು ಬರುತ್ತದೆ. ಕೆಂಪಾಪುರದಲ್ಲಿ ನಿನಗೆ ಗಾಳಿಯಾದರೂ ಚೆನ್ನಾಗಿರಬೇಕು. ಕಾಲು ಊದಿಕೊಂಡಿದೆಯಾ? ಏಳು ತುಂಬಿದ ಮೇಲೆ ಮಾಗಡಿಗೆ ಬಸ್ಸಿನಲ್ಲಿ ಓಡಾಡುವುದನ್ನು ಕಡಿಮೆ ಮಾಡು.

ಇನ್ನು ಸಿರಿಯ ವಿಷಯ. ಯಾರಾದರೂ ಹೇಳಿರುತ್ತಾರೆ, ಆದರೆ ನನ್ನ ಬಾಯಿಂದ ನೀನು ಕೇಳಿಲ್ಲ. ಅವಳು ಬೆಳೆಯುತ್ತಾಳೆ, ನಡೆಯುತ್ತಾಳೆ, ಓದು ಬರಹ ಎಲ್ಲ ಕಲಿಯುತ್ತಾಳೆ. ಎತ್ತರ ಮಾತ್ರ ಆಗುವುದಿಲ್ಲ. ಪೂರ್ತಿ ದೊಡ್ಡವಳಾದಾಗ ನಾಲ್ಕು ಅಡಿ ಇರಬಹುದು ಎಂದರು ಡಾಕ್ಟರು. ತೋಳಿನ ಮೂಳೆ, ತೊಡೆಯ ಮೂಳೆ ಗಿಡ್ಡ. ಹುಟ್ಟಿದಾಗ ನೀನು ನೋಡಲು ಬಂದು "ಎಷ್ಟು ಗುಂಡುಗುಂಡಗಿದೆಯೇ" ಎಂದು ಅವಳ ತೋಳಿನ ಮಡಿಕೆಗಳನ್ನು ಎಣಿಸಿ ಮುದ್ದಾಡಿದ್ದೆ. ಆ ಗುಂಡುತನವೇ ಇದು.

ಧನು, ನಿನ್ನಿಂದ ನನಗೆ ಒಂದೇ ಒಂದು ಉತ್ತರ ಬೇಕು. ಬಸುರಿಯಾಗಿದ್ದಾಗ ನಾನು ಎಂಟು ತಿಂಗಳು ವಹಾಬ್ ಸಾಬರ ಶೆಡ್ಡಿನಲ್ಲಿ ಕೂತು ಆ ಕುಳ್ಳ ಗೊಂಬೆಗಳಿಗೆ ಬಣ್ಣ ಹಚ್ಚಿದೆ. ಐದು ತುಂಬುವವರೆಗೆ ಪಕ್ಕದ ಸ್ಟೂಲಿನಲ್ಲಿ ನೀನಿದ್ದೆ, ಆಮೇಲೆ ಮದುವೆಯಾಗಿ ಹೋದೆ. ದಿನವಿಡೀ ಅವುಗಳನ್ನೇ ನೋಡಿದ್ದರಿಂದ ಮಗು ಹೀಗಾಯಿತು ಎನ್ನುತ್ತದೆ ಊರು. ಊರು ಏನು ಬೇಕಾದರೂ ಹೇಳಲಿ. ನೀನೇನು ಹೇಳುತ್ತೀಯ? ನಿನ್ನಷ್ಟು ಹತ್ತಿರದಿಂದ ನನ್ನ ಕೈಗಳನ್ನು ನೋಡಿದವರು ಬೇರೆ ಯಾರೂ ಇಲ್ಲ.

ಸಿರಿ ಎದ್ದಳು. ನಾಳೆ ಬರೆಯುತ್ತೇನೆ.

ಸೋಮವಾರ, ಮಧ್ಯಾಹ್ನ

ನಿನಗೆ ಗೊತ್ತಿರುವುದನ್ನೇ ಇವತ್ತು ಬರೆಯುತ್ತೇನೆ. ಬರೆದರೆ ಮತ್ತೆ ಅಲ್ಲಿ ಹೋಗಿ ಕೂತ ಹಾಗಾಗುತ್ತದೆ.

ವಹಾಬ್ ಸಾಬರು ಮೊದಲ ಪೆಟ್ಟಿಗೆ ಬಿಚ್ಚಿದ ದಿನ ನೆನಪಿದೆಯಾ? ಮೂವತ್ತು ವರ್ಷ ಅರಗಿನ ಬಣ್ಣದ ಬುಗುರಿ, ಗಿಲಕಿ ಕಡೆದ ಮನುಷ್ಯ. ಚೀನಾದ ಪ್ಲಾಸ್ಟಿಕ್ ಬಂದು ಗಿಲಕಿ ಕೇಳುವವರೇ ಇಲ್ಲದಾದಾಗ ಬೆಂಗಳೂರಿನ ಏಜೆಂಟೊಬ್ಬರು ಈ ಹೊಸ ಕೆಲಸ ಹಿಡಿಸಿಕೊಟ್ಟಿದ್ದರು. ಹುಲ್ಲಿನಂಥ ಕಾಗದದ ಚೂರುಗಳ ನಡುವೆ ಮಲಗಿದ್ದವು, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರದ ಬಿಳಿ ಲೋಹದ ಗೊಂಬೆಗಳು. ಕಬ್ಬಿಣದ ಟೋಪಿ, ಸೊಂಟದವರೆಗೆ ಜಡೆ ಹೆಣೆದ ಗಡ್ಡ, ಕೈಯಲ್ಲಿ ಕೊಡಲಿ. ಮೂರನೆಯ ಸ್ಟೂಲಿನ ಬೈರಮ್ಮ ಒಂದನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡು, "ಅಯ್ ಶಿವನೆ, ಥೇಟು ನಮ್ ಕೇರಿ ಗಿಡ್ಡಪ್ಪ ಕಣ್ರವ್ವ" ಎಂದದ್ದೇ ತಡ, ಅಷ್ಟೂ ಗೊಂಬೆಗಳಿಗೆ ಅದೇ ಹೆಸರಾಯಿತು.

"ಇವುನ್ನ ಇಟ್ಕಂಡು ಏನ್ ಮಾಡ್ತಾರೆ ಸಾಬ್ರೇ? ಪೂಜೆಗಾ?"

"ಆಟಕ್ಕಮ್ಮ. ಮೇಜಿನ್ ಮೇಲೆ ಗುಡ್ಡ, ಹೊಳೆ ಎಲ್ಲಾ ಮಾಡ್ತಾರಂತೆ. ಎರಡು ಕಡೆ ಫೌಜು. ದಾಳ ಹಾಕೋದು, ಲಡಾಯಿ ಮಾಡೋದು."

"ಮಕ್ಳಾ?"

"ಮಕ್ಳಲ್ಲಮ್ಮ, ದೊಡ್ಡೋರು. ಆಫೀಸಿಗೆ ಹೋಗೋರು."

"ಥೂ ಅವರ, ಹೆಂಡ್ರು ಪೊರಕೆ ತಗಳಕಿಲ್ವಾ?"

ನೀನು ಕುಂಚದಿಂದ ತಲೆಯೆತ್ತದೆ, "ನೀನು ಚೌಕಾಬಾರ ಆಡ್ತಾ ಕೂತ್ರೆ ನಿನ್ ಗಂಡ ಪೊರಕೆ ತಗೋತಾನಾ ಬೈರಕ್ಕ?" ಎಂದೆ. ಅವಳು ನಕ್ಕ ನಗೆಗೆ ಬಣ್ಣದ ಬಟ್ಟಲು ಮಗುಚಿತ್ತು.

ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು ಧನು. ಸಾಬರು ಆಲೆ ಮರದಲ್ಲಿ ಕಡೆದುಕೊಟ್ಟ ಪುಟ್ಟ ಹಿಡಿಯ ಮೇಲೆ ಗಿಡ್ಡಪ್ಪನನ್ನು ಅಂಟಿಸಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಬಣ್ಣ ಕಲಸಿ, ಮೊದಲು ಅಂಗಿ, ಆಮೇಲೆ ಚರ್ಮದ ಪಟ್ಟಿ. ಆಮೇಲೆ ಕಂದು ನೀರು ಹರಿಬಿಟ್ಟರೆ ಅದು ತಾನೇ ಹುಡುಕಿಕೊಂಡು ಹೋಗಿ ಮಡಿಕೆಗಳಲ್ಲಿ ಕೂರುತ್ತಿತ್ತು. ಗಡ್ಡ ಬೈರಮ್ಮನ ಪಾಲು. ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಎನ್ನಿಸಿದಾಗ ಅವಳು ಗಡ್ಡದ ಮೇಲೆ ಸುಮ್ಮನೆ ಸವರುವಳು. ಒಂದೊಂದೇ ಕೂದಲು ಬೆಳಕಿಗೆ ಬಂದು ನಿಲ್ಲುತ್ತಿತ್ತು. ಓದು ಬರದ ಬೈರಮ್ಮನ ಕೈಗೆ ನಮ್ಮ ಇಬ್ಬರ ಡಿಗ್ರಿಯೂ ಸಮವಾಗಲಿಲ್ಲ.

ಕಣ್ಣು ನನ್ನ ಪಾಲು. ಎಲ್ಲ ಮುಗಿದ ಮೇಲೆ ಕಣ್ಣು. ಉಸಿರು ಹಿಡಿದು ಒಂದು ಬಿಳಿ ಗೆರೆ, ಅದರ ನಡುವೆ ಸಾಸಿವೆಯ ಹತ್ತರಲ್ಲೊಂದು ಪಾಲಿನಷ್ಟು ಕಪ್ಪು. ಅಲ್ಲಿಯವರೆಗೆ ಲೋಹ. ಚುಕ್ಕೆ ಬಿದ್ದ ತಕ್ಷಣ ಬಾಗಿಲು ತೆರೆದು ಯಾರೋ ಹೊರಗೆ ಬಂದು ನಿಂತ ಹಾಗೆ. ನಾನು ಅವರನ್ನು ನೋಡುತ್ತಿದ್ದೆ, ಅವರು ನನ್ನನ್ನು ನೋಡುತ್ತಿದ್ದರು. ಒಳಗೆ ಸಿರಿ ಒದ್ದರೆ ಕೈ ಅಲುಗಿ ಗಿಡ್ಡಪ್ಪನಿಗೆ ಮೆಳ್ಳೆಗಣ್ಣು ಬೀಳುತ್ತಿತ್ತು. "ಒಳಗಿರೋದು ಹೊರಗಿರೋನ್ನ ನೋಡಿ ಒದೀತಾ ಐತೆ ಕಣಮ್ಮಿ" ಎಂದು ಬೈರಮ್ಮ ನಗುತ್ತಿದ್ದಳು.

ಆಗ ಅದು ತಮಾಷೆ. ಈಗ ಬೈರಮ್ಮ ದಾರಿಯಲ್ಲಿ ಸಿಕ್ಕರೆ ಸೆರಗಿನ ತುದಿ ಬಾಯಿಗೆ ಒತ್ತಿಕೊಳ್ಳುತ್ತಾಳೆ. ಆ ಮಾತು ಅವಳಿಗೂ ನೆನಪಿದೆ.

ಆಗಸ್ಟಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಇವರು ಸಿರಿಯ ಮೈಮೇಲೆ ಟವೆಲು ಹೊದಿಸಿಕೊಂಡೇ ಕೂತಿದ್ದರು. ಬಿಸಿಲಿಗೆ ಎಂದುಕೊಂಡೆ. ಆಮೇಲೆ ನೋಡಿದರೆ ಆಕಾಶದ ತುಂಬ ಮೋಡ. ಎಕ್ಸ್‌ರೇ ಆಯಿತು, ರಕ್ತ ತೆಗೆದರು. ಡಾಕ್ಟರು ಹೆಂಗಸು, ವಯಸ್ಸಾದವರು. ಯಾರ ತಪ್ಪೂ ಅಲ್ಲ, ಗರ್ಭ ಕಟ್ಟುವ ಗಳಿಗೆಯಲ್ಲೇ ತೀರ್ಮಾನವಾಗಿಬಿಡುವ ಸಂಗತಿ, ಅಪ್ಪ ಅಮ್ಮ ಎತ್ತರವಿದ್ದರೂ ಬರುತ್ತದೆ ಎಂದರು. ನಾನು ಕೇಳಿದೆ, "ನಾನು ಬಣ್ಣದ ಕೆಲಸ ಮಾಡುತ್ತಿದ್ದೆ. ಆ ವಾಸನೆಯಿಂದ ಏನಾದರೂ?"

"ಅಲ್ಲಮ್ಮ."

"ಕುಳ್ಳ ಗೊಂಬೆಗಳ ಕೆಲಸ. ದಿನಾ ಅವನ್ನೇ ನೋಡುತ್ತಿದ್ದೆ."

ಅವರು ಪೆನ್ನು ಕೆಳಗಿಟ್ಟರು. "ಏನು ಓದಿದ್ದೀರಿ?"

"ಬಿ.ಎಸ್ಸಿ."

"ಹಾಗಾದರೆ ನಾನು ಹೇಳಬೇಕಾದ್ದೇನಿದೆ?"

ಏನೂ ಇರಲಿಲ್ಲ. ಬಟಾಣಿ ಗಿಡದ ಪಾಠ, ಉದ್ದ ಗಿಡ ಗಿಡ್ಡ ಗಿಡ, ನಾನೂ ನೀನೂ ಒಟ್ಟಿಗೆ ಕೂತು ಉರು ಹೊಡೆದು ಬರೆದದ್ದು. ತಲೆ ಒಪ್ಪಿಕೊಳ್ಳುತ್ತದೆ ಧನು. ಆದರೆ ಅದು ಹೊಟ್ಟೆಯವರೆಗೆ ಇಳಿಯುವುದಿಲ್ಲ. ಅವಳನ್ನು ಹೊತ್ತಿದ್ದು ಹೊಟ್ಟೆಯಲ್ಲವೆ?

ವಾಪಸು ಬರುವಾಗ ಕೆಂಗೇರಿ ದಾಟುತ್ತಲೇ ಇವರು ಟವೆಲು ತೆಗೆದು ಮಡಿಚಿ ಚೀಲಕ್ಕೆ ಹಾಕಿದರು. ಎದುರು ಸೀಟಿನ ಹೆಂಗಸು ಬಗ್ಗಿ ನೋಡಿ, "ಎಷ್ಟ್ ತಿಂಗ್ಳಪ್ಪ?" ಎಂದಳು.

"ಐದು."

"ಐದಕ್ಕೆ ಒಸಿ ಚಿಕ್ದಾಯ್ತು."

"ಹೂಂ ಕಣಕ್ಕ. ಚಿಕ್ಕೋಳೇ," ಎಂದರು ಇವರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿತ್ತೋ, ರಾಮನಗರ ಬರುವವರೆಗೆ ಕಿಟಕಿಯ ಆಚೆಗೇ ನೋಡುತ್ತಿದ್ದರು. ಆಚೆ ಬಂಡೆಗಳು ಒಂದರ ಮೇಲೊಂದು ಕೂತು, ಏನೋ ಹೇಳಲು ಬಂದವರು ಮರೆತು ಹಾಗೇ ಉಳಿದ ಹಾಗೆ ಇದ್ದವು.

ಮಂಗಳವಾರ

ನಿದ್ದೆಯಲ್ಲಿ ಇಂಥ ಮಕ್ಕಳ ಉಸಿರು ಒಂದೊಂದು ಸಲ ಕಟ್ಟಬಹುದು, ವರ್ಷ ತುಂಬುವವರೆಗೆ ಗಮನ ಇರಲಿ ಎಂದಿದ್ದಾರೆ ಡಾಕ್ಟರು. ಅವತ್ತಿನಿಂದ ನನಗೆ ನಿದ್ದೆ ಎನ್ನುವುದೇ ಇಲ್ಲ. ಅವಳ ಎದೆ ಏರುವುದು ಇಳಿಯುವುದು ನೋಡುತ್ತಾ ಬೆಳಗಾಗುತ್ತದೆ. ಆಮೇಲೆ ಇಡೀ ಹಗಲು ನೀರಿನೊಳಗೆ ನಡೆದ ಹಾಗೆ. ಒಗ್ಗರಣೆ ಹಾಕುತ್ತಾ ನಿಂತವಳಿಗೆ ಸಾಸಿವೆ ಸಿಡಿಯುವುದು ಎಲ್ಲೋ ಪಕ್ಕದ ಊರಿನಲ್ಲಿ ಕೇಳಿಸುತ್ತದೆ. ಇಂಥ ಹಗಲುಗಳಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಹಿಂದೆ ಮುಂದೆ ಆದರೆ ಹೊಂದಿಸಿಕೋ.

ಅತ್ತೆ ಮೊದಮೊದಲು ಸುಮ್ಮನಿದ್ದರು. ಒಂದು ದಿನ ನಮ್ಮ ಮಲಗುವ ಕೋಣೆಯ ಗೋಡೆಯಿಂದ ಬಾಲಕೃಷ್ಣನ ಕ್ಯಾಲೆಂಡರು ಬಿಚ್ಚಿ ಸುರುಳಿ ಸುತ್ತಿದರು. ನಾನು ಬಸುರಿಯಾದಾಗ ಮಂಚದ ಎದುರಿಗೆ ಅವರೇ ತೂಗುಹಾಕಿದ್ದು, ದಿನಾ ಎದ್ದ ತಕ್ಷಣ ನೋಡಲಿ ಎಂದು. "ನಾನು ಕೃಷ್ಣನ್ನ ತೂಗಾಕುದ್ರೆ ನೀನು ಕುಳ್ಳಪ್ಪನ್ನ ನೋಡ್ಕಂಡ್ ಕುಂತಿದ್ದೆ. ಕಣ್ಣು ಯಾವ್ದುನ್ನ ಕುಡೀತೋ ಹೊಟ್ಟೇಲಿ ಅದೇ ಉಟ್ತು," ಎಂದರು. ಕೂಗಾಡಿ ಹೇಳಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಅಳುತ್ತಾ ಹೇಳಿದರು.

ಅವತ್ತೇ ನನ್ನ ಕುಂಚಗಳನ್ನು ತೊಳೆದು ತಗಡಿನ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಇಟ್ಟೆ. ವಹಾಬ್ ಸಾಬರು ಎರಡು ಸಲ ಹೇಳಿಕಳಿಸಿದರು, ಕಣ್ಣು ಬರೆಯುವವರಿಲ್ಲದೆ ಮಾಲು ನಿಂತಿದೆ ಎಂದು. ಇನ್ನು ಆ ಕೆಲಸ ಮುಟ್ಟುವುದಿಲ್ಲ ಎಂದೆ.

ಸಿರಿಗೆ ನೀರು ಹಾಕುವುದು ಅತ್ತೆಯೇ. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಹರಳೆಣ್ಣೆ ತಿಕ್ಕುತ್ತಾ ಅವಳ ಕಾಲುಗಳನ್ನು ಹಿಡಿದು ಎಳೆಯುತ್ತಿದ್ದರು. "ಉದ್ದಾಗು ಉದ್ದಾಗು ನಮ್ಮವ್ವ, ತೆಂಗಿನಂಗಾಗು," ಎಂದು ರಾಗವಾಗಿ. ಎಳೆಯಬಾರದು ಎಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಿದರೆ, "ನಿನ್ ಗಂಡನ್ನೂ ಹಿಂಗೇ ಎಳ್ದಿದ್ದು, ಆರಡಿ ಆಗಿಲ್ವಾ?" ಒಂದು ದಿನ ಸಿರಿ ಅತ್ತ ಅಳು ಬೇರೆ ಥರ ಇತ್ತು. ನಾನು ಓಡಿಹೋಗಿ ಒದ್ದೆ ಮಗುವನ್ನು ಅವರ ಕಾಲ ಮೇಲಿಂದ ಕಿತ್ತುಕೊಂಡೆ. ನನ್ನ ಸೀರೆಯೆಲ್ಲ ಎಣ್ಣೆ. ಅತ್ತೆ ಖಾಲಿ ಕಾಲು ನೀಡಿಕೊಂಡು ಹಾಗೇ ಕೂತಿದ್ದರು. ಆಮೇಲೆ ತಾವೇ ಎದ್ದು ಸೀಗೆಪುಡಿ ಬಟ್ಟಲು ಒಳಗಿಟ್ಟರು.

ಇದಾಗಿ ಕೆಲವು ವಾರದ ಮೇಲೆ, ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಅತ್ತೆ ಹೇಳದೆ ಕೇಳದೆ ಆಟೋದಲ್ಲಿ ಪೇಟೆಗೆ ಹೋಗಿ ಬಂದರು. ತೊಡೆಯ ಮೇಲೆ ವಹಾಬ್ ಸಾಬರ ರಟ್ಟಿನ ಪೆಟ್ಟಿಗೆ. ಜಗಲಿಯ ಮೇಲೆ ಕುಕ್ಕಿ, "ತಗ. ನಲವತ್ತೆಂಟು ಅವೆಯಂತೆ. ಮನೇಲೇ ಕುಂತು ಬರಿ," ಎಂದರು. "ಏನತ್ತೆ ಇದು?" ಎಂದರೆ, "ಇನ್ಮೇಲೆ ಆ ಮಾತು ನಾನ್ ಎತ್ತಕಿಲ್ಲ. ನೀನೂ ಎತ್ಬ್ಯಾಡ," ಎಂದು ಒಳಗೆ ಹೋದರು. ಹಿಂದಿನ ದಿನ ಏನಾಗಿತ್ತು ಎನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ, ನಾನಿನ್ನೂ ತೀರ್ಮಾನಿಸಿಲ್ಲ.

ಅಟ್ಟದಿಂದ ಕುಂಚದ ಡಬ್ಬ ಇಳಿಸಿದೆ. ಸಿರಿಯನ್ನು ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. ಅವಳು ಮರದ ಹಿಡಿಯ ಮೇಲೆ ಸಾಲಾಗಿ ನಿಂತ ಗಿಡ್ಡಪ್ಪಗಳನ್ನು ನೋಡಿ ಕೇಕೆ ಹಾಕುವಳು. ನಾನು ನನ್ನ ಮಗಳಿಗೆ ಹೇಳಿದ ಮೊದಲ ಕಥೆ ಅವರದ್ದೇ ಆಯಿತು.

ಈಗ ಹೇಳುವುದನ್ನು ನೀನು ನಕ್ಕು ಓದಬೇಕು. ಕಣ್ಣು ಬರೆಯುವುದೊಂದು ಬಾಕಿ ಉಳಿದಿದ್ದ ದಿನ. ಮಧ್ಯಾಹ್ನ ಒಂದು ಗಂಟೆಗೆ ಬೋಳುಬೆಟ್ಟದಲ್ಲಿ ಬಂಡೆ ಸಿಡಿಸುತ್ತಾರಲ್ಲ, ಆ ಸದ್ದು ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಬೆಟ್ಟದ ಒಳಗಿನಿಂದ ಯಾರೋ ಸುತ್ತಿಗೆಯಿಂದ ಉತ್ತರ ಕೊಟ್ಟ ಹಾಗೆ. ನೋಡಿದರೆ ಮೇಜಿನ ಮೇಲೆ ಗಿಡ್ಡಪ್ಪಗಳಿಲ್ಲ. ಜಗಲಿ ಇಳಿದು, ಮಾವಿನ ಗಿಡದ ನೆರಳು ದಾಟಿ, ಕೊಡಲಿ ಹೆಗಲಿಗಿಟ್ಟುಕೊಂಡು ಸಾಲಾಗಿ ಹೋಗುತ್ತಿದ್ದಾರೆ. ನಾನು ಸಿರಿಯನ್ನು ಸೊಂಟಕ್ಕೆ ಏರಿಸಿಕೊಂಡು ಹಿಂದೆ ಹೋದೆ. ಬಂಡೆಯಲ್ಲಿ ಒಂದು ಬಾಗಿಲಿತ್ತು. ತಲೆ ತಗ್ಗಿಸಿದರೂ ನನ್ನ ಹಣೆ ಮೇಲಿನ ಪಟ್ಟಿಗೆ ಬಡಿಯಿತು. ಒಳಗೆ ಇಡೀ ಒಂದು ಊರು. ಬಾವಿಯ ಕಟ್ಟೆ, ಮೆಟ್ಟಿಲು, ನೀರಿನ ನಲ್ಲಿ, ಗೋಡೆಯ ಮೊಳೆಗೆ ನೇತುಹಾಕಿದ ಲಾಂದ್ರ, ಎಲ್ಲವೂ ಕೈಗೆ ಎಟುಕುವ ಹಾಗಿದ್ದವು, ನನಗಲ್ಲ, ಅವರಿಗೆ. ಒಬ್ಬ ಮುದುಕಿ ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಪಾಪ, ಹಿಂಗ್ ಬೆಳ್ದಿದ್ದೀಯಲ್ಲ ತಾಯಿ. ಚಿಕ್ಕಂದಿನಲ್ಲೇ ಯಾರಿಗೂ ತೋರಿಸ್ಲಿಲ್ವಾ?" ಎಂದಳು. ನನಗೆ ನಾಚಿಕೆಯಾಗಿ ಕೂತುಬಿಟ್ಟೆ. ಅವಳ ಸುತ್ತ ಮಕ್ಕಳು ಬಂದು ನಿಂತವು, ಆಗ ತಾನೇ ನೀರು ಹಾಕಿಸಿಕೊಂಡು ಬಂದ ಹಾಗೆ ಮುಖ ಹೊಳೆಯುತ್ತಾ. ಒಂದೊಂದನ್ನೇ ಗದ್ದ ಹಿಡಿದು ಕಣ್ಣಿಗೆ ಕಪ್ಪು ಹಚ್ಚುತ್ತಾ ಹೋದೆ. ಸಿರಿ ಅವರ ನಡುವೆ ನಿಂತಿದ್ದಳು. ಹೌದು, ನಿಂತಿದ್ದಳು. ಅವರಲ್ಲಿ ಅವಳು ಯಾರು ಎಂದು ಹುಡುಕಬೇಕಾಯಿತು.

ಎಚ್ಚರವಾದಾಗ ಕುಂಚ ಕೈಯಲ್ಲೇ ಇತ್ತು, ಸಿರಿ ಚಾಪೆಯ ಮೇಲಿದ್ದಳು, ನಲವತ್ತೆಂಟಕ್ಕೂ ಕಣ್ಣು ಬಿದ್ದಿತ್ತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ.

ಸಂಜೆ ವಹಾಬ್ ಸಾಬರು ಬಂದು ಭೂತಗನ್ನಡಿ ಹಿಡಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಆಮೇಲೆ ನನ್ನನ್ನು.

"ಇದೇನಮ್ಮಾ? ಎಲ್ಲಾರ್ ಕೆನ್ನೆ ಮೇಲೂ ಕಪ್ಪು? ಫೌಜಿಗೆಲ್ಲ ಸಿಡುಬಾ?"

ಬಗ್ಗಿ ನೋಡಿದೆ. ಎಡಗೆನ್ನೆಯ ಮೇಲೆ, ಗಡ್ಡ ಶುರುವಾಗುವ ಕಡೆ, ಒಬ್ಬರನ್ನೂ ಬಿಡದೆ ದೃಷ್ಟಿಬೊಟ್ಟು ಇಟ್ಟಿದ್ದೆ. ದಿನಾ ಸಿರಿಗೆ ಕಣ್ಣುಕಪ್ಪು ಹಚ್ಚಿದ ಕೈ ಹಾಗೇ ಕೆನ್ನೆಗೆ ಹೋಗುತ್ತದಲ್ಲ, ಇಲ್ಲೂ ಹೋಗಿದೆ.

"ನಾಳೆ ಬೆಳಿಗ್ಗೆ ವ್ಯಾನ್ ಬರ್ತದೆ. ಅವರ್ ಕೊಟ್ಟಿರೋ ಫೋಟೋದಲ್ಲಿ ಬೊಟ್ಟಿಲ್ಲ. ಎಲ್ಲಾ ಒರೆಸ್ಬಿಡಮ್ಮ," ಎಂದರು ಸಾಬರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಇಟ್ಟ ಬೊಟ್ಟ ಒರೆಸ್ಬಾರ್ದು ಸಾಬ್ರೇ."

"ಗೊಂಬೆ ಅಲ್ವೇನಮ್ಮಾ ಇವು?"

"ಗೊಂಬೆಯೋ ಗಿಂಬೆಯೋ, ಕಣ್ ಬುಟ್ಕಂಡು ನೋಡ್ತಾ ಅವೆ. ನನ್ ಸೊಸೆ ಕೈಯಾರೆ ಇಟ್ಟವ್ಳೆ."

"ಆರ್ಡರ್ ಹೋಯ್ತದಮ್ಮಾ! ನಾನು ಬೀದಿಗೆ ಬೀಳ್ತೀನಿ!"

"ಬೀಳ್ರಿ. ಮಕ್ಳ ಕೆನ್ನೆ ಬೊಟ್ಟ ಒರೆಸಿ ನೀವೇನ್ ಉದ್ಧಾರ ಆದೀರಿ?"

ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೊನೆಗೆ ಅತ್ತೆಯೇ ಕೇಳಿದರು, "ಅಂಗಾಲ್ಗೆ ಇಟ್ರೆ ನಿಮ್ ಬಿಲಾತಿಯೋರು ಕಾಲೆತ್ತಿ ನೋಡ್ತಾರಾ?"

"ಅಂಗಾಲು ಯಾರ್ ನೋಡ್ತಾರಮ್ಮ."

"ಅಂಗಾದ್ರೆ ಆಯ್ತು ಕಣ್ರಿ, ಯಾಕ್ ಕೂಗಾಡ್ತೀರಿ?"

ಕೂಸಿಗೆ ಅಂಗಾಲಿನಲ್ಲೂ ಇಡುತ್ತೇವಲ್ಲ, ಹಾಗೆ. ನಾನು ಮೈಬಣ್ಣ ಹಚ್ಚಿ ಕೆನ್ನೆಯ ಬೊಟ್ಟು ಮುಚ್ಚಿ ಕೊಡುತ್ತಿದ್ದೆ. ಅತ್ತೆ ದೀಪದ ಕಾಡಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಒಬ್ಬೊಬ್ಬರನ್ನೇ ಮಗುಚಿ, ಕಾಲಡಿಯ ಬಿಲ್ಲೆಗೆ ಕಿರುಬೆರಳಿನಿಂದ ಒತ್ತುತ್ತಿದ್ದರು. ಟೋಪಿಯ ಮೇಲೆ ಚಿನ್ನದ ಪಟ್ಟಿ ಇದ್ದವನನ್ನು ಕೈಗೆ ತೆಗೆದುಕೊಂಡು, "ಇವ್ನ್ಯಾರಮ್ಮಿ?" ಎಂದರು.

"ರಾಜ ಅತ್ತೆ."

"ಕುಳ್ಳಂಗೆ ರಾಜ್ಯ ಯಾರ್ ಕೊಟ್ರು?"

"ಯಾರೂ ಕೊಡ್ಲಿಲ್ಲ. ಅವರದ್ದೇ."

ಅವರು ಅವನನ್ನು ಮಗುಚಿದರು. "ಅವ್ರುದ್ದೇ ಆದ್ರೆ ಸರಿ ಬುಡು," ಎಂದು ಅವನ ಕಾಲಡಿಗೆ ಮಾತ್ರ ಎರಡು ಬೊಟ್ಟು ಒತ್ತಿದರು.

ಬುಧವಾರ

ಇವತ್ತು ಸಿರಿ ನನ್ನ ಬೆರಳು ಹಿಡಿದು ಬಿಡಲೇ ಇಲ್ಲ, ಎಡಗೈ ಅವಳಿಗೆ ಕೊಟ್ಟು ಮೊಣಕೈಯಿಂದ ಕಾಗದ ಒತ್ತಿಹಿಡಿದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅವಳ ಮೇಲೆ ಹಾಕು.

ಆ ನಲವತ್ತೆಂಟು ಜನ ಹೋದರು. ಈಗ ಸಮುದ್ರ ದಾಟಿ ಯಾವುದೋ ಚಳಿ ಊರಿನ ಮೇಜಿನ ಮೇಲೆ ನಿಂತಿರಬಹುದು. ಯಾರೋ ಗಂಭೀರವಾಗಿ ದಾಳ ಉರುಳಿಸುತ್ತಿರಬಹುದು. ಅವರು ಗೆಲ್ಲಲಿ ಎಂದು ನಮ್ಮತ್ತೆ ಸೋಮವಾರ ಎಣ್ಣೆದೀಪ ಹಚ್ಚಿದರು ಎಂದರೆ ನೀನು ನಂಬುವುದಿಲ್ಲ. ಹಬ್ಬ ಕಳೆದ ಮೇಲೆ ಇನ್ನೊಂದು ಪೆಟ್ಟಿಗೆ ಬರುತ್ತದೆ, ಒಪ್ಪಿಕೊಂಡಿದ್ದೇನೆ. ನನ್ನ ಕೈ ತಪ್ಪು ಮಾಡಿಲ್ಲ ಎಂದು ಕೆಲವು ದಿನ ಬೆಳಿಗ್ಗೆ ಎದ್ದಾಗ ಅನ್ನಿಸುತ್ತದೆ. ಕೆಲವು ದಿನ ಅನ್ನಿಸುವುದಿಲ್ಲ. ಎರಡನೆಯ ಥರದ ದಿನಗಳಿಗಾಗಿ ನಿನ್ನ ಉತ್ತರ ಬೇಕು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಎಡಮಗ್ಗುಲಿಗೆ ಮಲಗು. ಹೆರಿಗೆ ಹೂವೆತ್ತಿದ ಹಾಗೆ ಆಗಲಿ, ಮಗುವಿನ ಮೊದಲ ಅಳು ಕೇಳಿ ನಿನ್ನ ನೋವೆಲ್ಲ ಮರೆತುಹೋಗಲಿ. ನಿನ್ನ ಹಟ್ಟಿ ತುಂಬಿರಲಿ. ಮನೆಯ ಹಿರಿಯರಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಸುಚಿತ್ರಾ

ಮತ್ತೆ ಬರೆದದ್ದು:

ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ.

ಸಿರಿಗೆ ಜ್ವರ ಬಂದಿರಲಿಲ್ಲ ಧನು. ನಿಮ್ಮಮ್ಮ ಸೀಮಂತಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದರು. ಸಿರಿ ನನ್ನ ಸೊಂಟದ ಮೇಲಿದ್ದಳು, ಅವರ ಕಡೆಗೆ ಎರಡೂ ಕೈ ಚಾಚಿದಳು. ಕಾಲೇಜಿನ ದಿನಗಳಲ್ಲಿ ನನಗೂ ನಿನಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಕೊಟ್ಟ ಕಾವೇರಮ್ಮ, ಒಂದು ಹೆಜ್ಜೆ ಹಿಂದೆ ಹೋದರು. "ನೀನು ಬಾರವ್ವ ಸುಚಿ. ಮಗೀನ ಮಾತ್ರ ಮನೇಲಿ ಬುಟ್ಟು ಬಾ. ಬಸ್ರಿ ಕಣ್ಗೆ ಬೀಳೋದು ಬ್ಯಾಡ. ನಾನ್ ಹೇಳ್ತಿಲ್ಲ ಕಣವ್ವ, ಧನುನೇ ಒಸಿ ಹೆದರ್ಕಂಡವ್ಳೆ," ಎಂದರು. ಒಳಗಿದ್ದ ಅತ್ತೆ ಹೊರಗೆ ಬಂದು ಸಿರಿಯನ್ನು ನನ್ನಿಂದ ಎತ್ತಿಕೊಂಡು, "ಮಗೀಗೆ ಜರ ಬಂದೈತೆ ಕಾವೇರಮ್ಮ. ಇವ್ಳೂ ಬರಕ್ಕಾಗಕಿಲ್ಲ," ಎಂದು ಬಾಗಿಲು ಹಾಕಿದರು. ಮಾರನೆಯ ದಿನವೇ ಅವರು ಆ ಪೆಟ್ಟಿಗೆ ತಂದದ್ದು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಎರಡು ಪುಟದಲ್ಲಿ ಎಲ್ಲರನ್ನೂ ವಿಚಾರಿಸಿದ್ದೀಯ, ನಮ್ಮ ಹಸುವನ್ನೂ. ಸಿರಿಯ ಹೆಸರಿಲ್ಲ.

ಆ ಮಾತು ನೀನು ಹೇಳಿದೆಯಾ? ಹೇಳಲಿಲ್ಲ ಎಂದು ಬರಿ. ಹೇಳಿದ್ದರೂ, ಹೇಳಲಿಲ್ಲ ಎಂದೇ ಬರಿ ಕಣೇ.